ಕೈ ಬದಲಾದ ಮನೆಸಾಮಾನು

ಗುಡಿಗೋಪುರಗಳ ಜೀರ್ಣೋದ್ಧಾರ ಮಾಡಿಸಿದವರ ಹೆಸರನ್ನು ನಮ್ಮ ನಾಡು ಕಲ್ಲಿನ ಮೇಲೆ ಕೊರೆಸಿ ಉಳಿಸಿಕೊಂಡಿದೆ. ಮುರಿದ ಕುರ್ಚಿಗೆ ಕಾಲು ಕೂಡಿಸಿದವನ ಹೆಸರನ್ನಾಗಲಿ, ಸೋರುವ ಹಂಡೆಗೆ ಬೆಸುಗೆ ಹಾಕಿದವನ ಹೆಸರನ್ನಾಗಲಿ ಯಾರೂ ಕೊರೆಸಲಿಲ್ಲ. ಮನೆಯೊಳಗಿನ ಜೀರ್ಣೋದ್ಧಾರಕ್ಕೆ ಆ ಸಾಮಾನೇ ಶಾಸನ. ಅದನ್ನು ಬೋರಲು ಹಾಕಿ, ಹಿಂಬದಿಯ ಹಲಗೆ ಬಿಚ್ಚಿ ಓದಬೇಕು.

ಹಾಗೆ ಓದಲು ನಮ್ಮ ಮಲೆನಾಡಿನ ಕಾಫಿಸೀಮೆಗಿಂತ ಒಳ್ಳೆಯ ಸ್ಥಳ ದೊರೆಯುವುದು ಕಷ್ಟ. ಹೇಮಾವತಿ ಹುಟ್ಟುವ ಜಾವಳಿಯ ನೆರೆಯಲ್ಲಿರುವ ಬಾಳೂರಿನಂಥ ಊರನ್ನು ತೆಗೆದುಕೊಳ್ಳಿ. ಇಲ್ಲಿಯ ಹಳೆಯ ಮನೆಗಳಲ್ಲಿ ಎರಡು ಬಗೆಯ ಸಾಮಾನುಗಳು ಒಂದರ ಪಕ್ಕದಲ್ಲೊಂದು ಬಾಳುತ್ತ ಬಂದಿವೆ. ಒಂದು, ಹೆಣ್ಣುಮಕ್ಕಳೊಡನೆ ತೌರಿನಿಂದ ಬಂದ ತಾಮ್ರ ಹಿತ್ತಾಳೆಯ ಪಾತ್ರೆಗಳು. ಇನ್ನೊಂದು, ತೋಟದ ಬಂಗಲೆಗಳಿಂದ ಇಳಿದುಬಂದ ಮರದ ಸಾಮಾನು.

ಈ ಎರಡನೆಯದರ ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಬಹುದು. 1820ರ ಸುಮಾರಿಗೆ ಥಾಮಸ್ ಕ್ಯಾನನ್ ಎಂಬಾತ ಬಾಬಾಬುಡನ್ ಗಿರಿಯ ದಕ್ಷಿಣಕ್ಕೆ ತೋಟ ಹಾಕಿದ. 1843ರಲ್ಲಿ ಗ್ರೀನ್ ಎಂಬಾತ ಮಂಜರಾಬಾದಿನಲ್ಲಿ ಹಾಕಿದ. 1894ರಲ್ಲಿ ತನ್ನ ಅನುಭವಗಳನ್ನು ಪುಸ್ತಕವಾಗಿ ಪ್ರಕಟಿಸಿದ ಆರ್. ಎಚ್. ಎಲಿಯಟ್ ಬಂದದ್ದು 1850ರ ದಶಕದಲ್ಲಿ. ಈ ದೊರೆಗಳು ಕುರ್ಚಿಮೇಜುಗಳನ್ನೆಲ್ಲ ಹಡಗಿನಲ್ಲಿ ಹೊತ್ತು ತರಲಿಲ್ಲ. ಹಾಗೆ ತರುವ ಅಗತ್ಯವೂ ಇರಲಿಲ್ಲ. ಬಂಗಲೆಯ ಸುತ್ತಲೇ ಬೀಟೆ ಇತ್ತು, ಹಲಸು ಇತ್ತು, ಕೆಲಸ ಬಲ್ಲ ಬಡಗಿಗಳೂ ಇದ್ದರು. ವಿನ್ಯಾಸ ಇಂಗ್ಲೆಂಡಿನದು, ಮರ ಮತ್ತು ಕೈ ಇಲ್ಲಿಯವು. 1947ರ ಆಚೀಚೆಗೂ ಮುಂದಿನ ದಶಕಗಳಲ್ಲೂ ತೋಟಗಳು ಒಂದೊಂದಾಗಿ ದೇಶೀಯರ ಕೈಗೆ ಬಂದಾಗ ಬೀರು, ಮೇಜು, ಬೆತ್ತದ ಆರಾಮಕುರ್ಚಿಗಳೂ ಕೈ ಬದಲಾಯಿಸಿದವು. ಒಳ್ಳೆಯವು ಸಾಹುಕಾರರ ಮನೆ ಸೇರಿದವು. ಕಾಲು ಮುರಿದವು, ಬಾಗಿಲು ಕಳಚಿದವು ತೋಟದ ರೈಟರುಗಳ, ಮೇಸ್ತ್ರಿಗಳ ಮನೆಗೆ ಅಗ್ಗದ ಬೆಲೆಗೆ ಹೋದವು. ನಮ್ಮ ಕಥೆ ಈ ಮುರಿದವುಗಳದ್ದು.

ಮುರಿದ ಬೀಟೆಯನ್ನು ಜನ ಬಿಡದೆ ಕೊಳ್ಳುತ್ತಿದ್ದುದಕ್ಕೆ ಚೆಲುವಿನ ಮೋಹವೊಂದೇ ಕಾರಣವಲ್ಲ. ಗಂಧ, ತೇಗ, ಬೀಟೆಗಳು ಮೈಸೂರು ಸಂಸ್ಥಾನದ ಕಾಲದಿಂದಲೂ ಸರ್ಕಾರ ತನಗೆ ಕಾದಿರಿಸಿಕೊಂಡ ಮರಗಳು. 1963ರ ಅರಣ್ಯ ಕಾಯಿದೆ, 1976ರ ವೃಕ್ಷ ಸಂರಕ್ಷಣಾ ಕಾಯಿದೆಗಳು ಬಂದ ಮೇಲಂತೂ ತನ್ನದೇ ಜಮೀನಿನ ಮರಕ್ಕೂ ಅಪ್ಪಣೆಯಿಲ್ಲದೆ ಕೊಡಲಿ ಹಾಕುವಂತಿಲ್ಲ. ಆದ್ದರಿಂದ ಮನೆಯ ಅಟ್ಟದಲ್ಲಿ ಬಿದ್ದ ಹಳೆಯ ಮಂಚದ ಕಾಲೇ ಬಡವನ ಬೀಟೆಯ ಕಾಡು. ಒಂದು ಬೀರುವನ್ನು ಸರಿಪಡಿಸಲು ಇನ್ನೊಂದು ಬೀರು ಬಲಿಯಾಗುತ್ತಿತ್ತು.

ಮುಂಗಾರಿನ ನಾಲ್ಕು ತಿಂಗಳು ಈ ಸಾಮಾನುಗಳಿಗೆ ಪರೀಕ್ಷೆಯ ಕಾಲ. ಡ್ರಾಯರುಗಳು ಉಬ್ಬಿ ಕಚ್ಚಿಕೊಳ್ಳುತ್ತವೆ, ಚರ್ಮದ ಹೊದಿಕೆಗೆ ಬೂಸಲು ಹಿಡಿಯುತ್ತದೆ, ಕುರ್ಚಿಯ ಕೂಡುಗೆಗಳು ಸಡಿಲವಾಗುತ್ತವೆ. ಈ ಕೊನೆಯದಕ್ಕೆ ಕಾರಣ ಹಳೆಯ ಬಡಗಿಗಳು ಬಳಸುತ್ತಿದ್ದ ಅಂಟು. ಅದು ದನದ ಚರ್ಮ, ಎಲುಬುಗಳನ್ನು ಬೇಯಿಸಿ ತೆಗೆದದ್ದು. ನೀರಿನ ಪಸೆಗೆ, ಬಿಸಿಗೆ ಅದು ಮೆತ್ತಗಾಗುತ್ತದೆ. ಮಲೆನಾಡಿನ ಹವೆಗೆ ಇದೊಂದು ದೋಷವೆಂದೇ ಎಲ್ಲರೂ ಹೇಳುತ್ತಾರೆ. ಆದರೆ ದುರಸ್ತಿ ಮಾಡುವವನ ಕಣ್ಣಿನಿಂದ ನೋಡಿದರೆ ಇದೇ ಅದರ ಗುಣ. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಕೂಡುಗೆಗೆ ಸುತ್ತಿ ಸ್ವಲ್ಪ ಹೊತ್ತು ಬಿಟ್ಟರೆ ಕಾಲು ಮರಕ್ಕೆ ನೋವಾಗದಂತೆ ಕಳಚಿ ಬರುತ್ತದೆ. ಹಳೆಯ ಅಂಟನ್ನು ಕೆರೆದು, ಹೊಸದನ್ನು ಕಾಯಿಸಿ ಹಚ್ಚಿ, ಸುತ್ತಲೂ ಹಗ್ಗ ಬಿಗಿದು, ಹಗ್ಗದ ನಡುವೆ ಕೋಲು ತೂರಿಸಿ ತಿರುಚಿಟ್ಟರೆ ಮರುದಿನಕ್ಕೆ ಕುರ್ಚಿ ಗಟ್ಟಿ. ಇದಕ್ಕೆ ಕಾರ್ಖಾನೆ ಬೇಕಿಲ್ಲ, ಮನೆಯ ಜಗಲಿ ಸಾಕು.

1959ರಲ್ಲಿ ಫೆವಿಕಾಲ್ ಮಾರುಕಟ್ಟೆಗೆ ಬಂದಿತು. ಬೇಯಿಸುವ ರಗಳೆಯಿಲ್ಲ, ದುರ್ವಾಸನೆಯಿಲ್ಲ; ಬಡಗಿಗಳು ಅದನ್ನು ಒಪ್ಪಿಕೊಂಡದ್ದು ಸಹಜವೇ. ಹೊಸ ಸಾಮಾನಿಗೆ ಅದು ತಕ್ಕುದು. ಹಳೆಯ ಕುರ್ಚಿಗೆ ಅದನ್ನು ಹಚ್ಚಿದಾಗ ಮಾತ್ರ ಆ ಕೂಡುಗೆಯನ್ನು ಮತ್ತೆ ಬಿಚ್ಚುವುದು ಬಹು ಕಷ್ಟವಾಗುತ್ತದೆ. ಮುಂದಿನ ಸಲ ಕಳಚುವ ಬದಲು ಮರವೇ ಸೀಳುತ್ತದೆ. ಬೀಟೆಯ ಮೇಲೆ ಎನಾಮೆಲ್ ಬಣ್ಣ ಬಳಿಯುವುದೂ ಇದೇ ಜಾತಿಯ ಉಪಕಾರ. ಹಿಂದಿನ ಮೆರುಗು ನಮ್ಮ ಕಾಡುಗಳ ಅರಗಿನಿಂದ ಆದದ್ದು. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿಯ ಉಂಡೆಗೆ ಬಟ್ಟೆ ಕಟ್ಟಿ, ತೆಳುವಾಗಿ ಪದರದ ಮೇಲೆ ಪದರ ಉಜ್ಜುತ್ತಿದ್ದರು. ಮಸುಕಾದಾಗ ಸ್ಪಿರಿಟ್ಟೇ ಅದನ್ನು ಮತ್ತೆ ಕರಗಿಸುತ್ತದೆ.

ಬಿಚ್ಚಬಹುದೇ, ಬಿಚ್ಚಲಾಗದೇ ಎಂಬ ಈ ಪ್ರಶ್ನೆ ಈಗ ಸರ್ಕಾರಗಳ ಮೇಜಿಗೂ ಬಂದಿದೆ. 2022ರಲ್ಲಿ ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕಿ’ನ ವಿಚಾರಕ್ಕೆ ಸಮಿತಿಯನ್ನು ನೇಮಿಸಿತು; 2024ರಲ್ಲಿ ಯುರೋಪಿನ ಒಕ್ಕೂಟ ಅದಕ್ಕಾಗಿ ನಿಯಮವನ್ನೇ ಮಾಡಿತು. ಅವರ ಚಿಂತೆ ಫೋನು, ಬಟ್ಟೆ ಒಗೆಯುವ ಯಂತ್ರಗಳದ್ದು.

ಇನ್ನು ಅಡಿಗೆಮನೆ. ಇಲ್ಲಿ ದುರಸ್ತಿ ಎಂಬುದು ಆರೋಗ್ಯದ ಪ್ರಶ್ನೆಯೂ ಹೌದು. ತಾಮ್ರ ಹಿತ್ತಾಳೆಗಳಿಗೆ ಹುಣಸೆಹುಳಿ, ಮಜ್ಜಿಗೆ ಸೋಕಿದರೆ ಕಿಲುಬು ಏಳುತ್ತದೆ. ಆ ಸಾರನ್ನು ಉಂಡವರಿಗೆ ವಾಂತಿ. ಅದಕ್ಕಾಗಿಯೇ ಕಲಾಯಿ. ಕಲಾಯಿಯವನು ಮರದ ನೆರಳಿನಲ್ಲಿ ಗುಂಡಿ ತೋಡಿ, ಇದ್ದಿಲು ಹರಡಿ, ತಿದಿಯೊತ್ತುತ್ತಿದ್ದರೆ ಊರಿನ ಹುಡುಗರಿಗೆಲ್ಲ ಶಾಲೆ ಮರೆಯುತ್ತಿತ್ತು. ಕಾದ ಪಾತ್ರೆಗೆ ನವಸಾಗರದ ಪುಡಿ ಎರಚಿದೊಡನೆ ಬಿಳಿ ಹೊಗೆ. ಲೋಹದ ಮೇಲಣ ಕೊಳೆ ಮಾಯ. ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ. ಕಡ್ಡಿಯನ್ನು ತಾಗಿಸಿ, ಹತ್ತಿಯಿಂದ ಸರಕ್ಕನೆ ಸುತ್ತ ಬಳಿದರೆ ಒಳಗೆಲ್ಲ ಬೆಳ್ಳಿ. ಕೆಲವರು ಲಾಭಕ್ಕಾಗಿ ತವರಕ್ಕೆ ಸೀಸ ಬೆರೆಸುವುದೂ ಉಂಟು. ಮಿರುಗಿನಲ್ಲಿ ಕೊರತೆ ಕಾಣದು, ವಿಷವೂ ಕಾಣದು. ಹಳೆಯ ಪಾತ್ರೆಯನ್ನು ಕೊಂಡು ತಂದವರು ಹಿಂದಿನ ಕಲಾಯಿಯನ್ನು ನಂಬದೆ, ಪೂರ್ತಿ ತೆಗೆಸಿ, ಶುದ್ಧ ತವರವನ್ನು ಕಣ್ಣೆದುರಿಗೇ ಹಾಕಿಸಿಕೊಳ್ಳುವುದು ಕ್ಷೇಮ.

ಈ ಕಸುಬಿಗೆ ಮೊದಲ ಪೆಟ್ಟು ಕೊಟ್ಟದ್ದು ಅಲ್ಯೂಮಿನಿಯಂ. 1898ರಲ್ಲಿ ಮದರಾಸಿನ ಕಲಾಶಾಲೆಯಲ್ಲಿ ಅದರ ಪಾತ್ರೆಗಳನ್ನು ಮಾಡಿಸಲು ತೊಡಗಿದ ಆಲ್ಫ್ರೆಡ್ ಚಾಟರ್ಟನ್ ಮುಂದೆ ನಮ್ಮ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾದವರೇ. ಆಮೇಲೆ ಬಂದ ಸ್ಟೀಲು ಉಳಿದುದನ್ನು ಮುಗಿಸಿತು. ಹಳೆಯ ಬಟ್ಟೆಗೆ ಸ್ಟೀಲು ಪಾತ್ರೆ ಕೊಡುವವರು ಬಾಗಿಲಿಗೆ ಬಂದರು. ಹಿತ್ತಾಳೆ ತೂಕದ ಲೆಕ್ಕಕ್ಕೆ ಗುಜರಿ ಅಂಗಡಿ ಸೇರಿತು. ಸ್ಟೀಲಿನಿಂದ ಹೆಂಗಸರ ಬೆನ್ನಿಗೆ ದೊರೆತ ವಿಶ್ರಾಂತಿಯನ್ನು ಅಲ್ಲಗಳೆಯುವವನಲ್ಲ ನಾನು. ಬೂದಿ, ಹುಳಿ ಹಿಡಿದು ಹಂಡೆ ತಿಕ್ಕದ ಗಂಡಸರೇ ಹಿತ್ತಾಳೆಯ ಹೊಗಳಿಕೆಯಲ್ಲಿ ಮುಂದಿರುವುದನ್ನು ಕಂಡಿದ್ದೇನೆ.

ಇಂಥ ಅಂಗಡಿಯ ಮೂಲೆಯಿಂದ ಒಂದು ಚೊಂಬನ್ನೋ ಕೊಳಗವನ್ನೋ ಎತ್ತಿ ನೋಡಿದರೆ ಕಂಠದ ಬಳಿ ಚುಕ್ಕಿಚುಕ್ಕಿಯಾಗಿ ಬಡಿದ ಹೆಸರೊಂದು ಅನೇಕ ವೇಳೆ ಸಿಕ್ಕುತ್ತದೆ. ಕೆಲವೆಡೆ ಎರಡು ಹೆಸರುಗಳು, ಬೇರೆಬೇರೆ ಕೈಬರಹದಲ್ಲಿ. ಕೊಂಡವರು ಮೊದಲಿನ ಹೆಸರನ್ನು ಅರದಿಂದ ಉಜ್ಜಿ ಅಳಿಸಬಹುದಿತ್ತು. ಅಳಿಸದೆ, ಅದರ ಕೆಳಗೆ ತಮ್ಮದನ್ನು ಬಡಿಸಿಕೊಂಡಿದ್ದಾರೆ.