ತೆರಿಗೆ ರಸೀದಿಯಲ್ಲಿ ‘ಗ್ರಂಥಾಲಯ ಕರ’: ಅಂಗಡಿಯವರು ಕಟ್ಟೋ ಈ ದುಡ್ಡು ಎಲ್ಲಿಗೆ ಹೋಗುತ್ತೆ?

ಅಂಗಡಿ, ಮನೆಯ ಆಸ್ತಿ ತೆರಿಗೆ ರಸೀದಿಯನ್ನು ಒಮ್ಮೆ ಸರಿಯಾಗಿ ನೋಡಿ. ತೆರಿಗೆಯ ಕೆಳಗೆ ‘ಗ್ರಂಥಾಲಯ ಕರ’ ಅಂತ ಒಂದು ಸಾಲು ಇರುತ್ತದೆ. ತೆರಿಗೆಯ ಪ್ರತಿ 100 ರೂಪಾಯಿಗೆ 6 ರೂಪಾಯಿ. ಲೈಬ್ರರಿ ಮೆಟ್ಟಿಲು ಹತ್ತದವರೂ ಇದನ್ನು ಕಟ್ಟುತ್ತಾರೆ. ಅಂದರೆ ಊರಿನ ಗ್ರಂಥಾಲಯ ನಡೆಯುವುದು ಊರಿನವರ ದುಡ್ಡಿನಿಂದಲೂ ಹೌದು.

ಒಂದಕ್ಕೊಂದು ಕೊಂಡಿ

ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳಿಗೆ ಆಧಾರ 1965ರ ಕಾಯ್ದೆ. ಅದರ ಪ್ರಕಾರ ಯಾವ ಗ್ರಂಥಾಲಯವೂ ಒಂಟಿಯಲ್ಲ. ಮೇಲೆ ಬೆಂಗಳೂರಿನ ಕಬ್ಬನ್ ಪಾರ್ಕ್‌ನಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯ. ಕೆಳಗೆ ನಗರ ಮತ್ತು ಜಿಲ್ಲಾ ಕೇಂದ್ರ ಗ್ರಂಥಾಲಯಗಳು. ಅವುಗಳಡಿ ತಾಲ್ಲೂಕು ಪಟ್ಟಣಗಳ ಶಾಖೆಗಳು. ಶಾಖೆಗೆ ಬೇಕಾದ ಪುಸ್ತಕ ಬಹುಪಾಲು ಬರುವುದು ಜಿಲ್ಲಾ ಕೇಂದ್ರದ ಮೂಲಕ. ಪುಟ್ಟ ಶಾಖೆ ತಾನೊಂದೇ ಕೊಳ್ಳಲಾಗದ್ದು ಹೀಗೆ ಅದರ ಕಪಾಟಿಗೂ ಬರುತ್ತದೆ.

ಕೇಂದ್ರ ಸರ್ಕಾರದ ಪಾಲೂ ಇದೆ. 1972ರಲ್ಲಿ ಶುರುವಾದ, ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನವು ರಾಜ್ಯ ಹಾಕುವ ವಂತಿಗೆಗೆ ತನ್ನ ಪಾಲನ್ನೂ ಸೇರಿಸಿ ಪುಸ್ತಕಕ್ಕೆ ನೆರವು ಕೊಡುತ್ತದೆ.

ಹಳ್ಳಿಗೆ ಬೇರೆ ಬಾಗಿಲು

2019ರಲ್ಲಿ ಒಂದು ದೊಡ್ಡ ಬದಲಾವಣೆ ಆಯಿತು. ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಅವುಗಳ ಹೆಸರು ‘ಅರಿವು ಕೇಂದ್ರ’. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಸದಸ್ಯತ್ವ ಉಚಿತ. ‘ಪುಸ್ತಕ ಜೋಳಿಗೆ’ಯ ಮೂಲಕ ಜನರೇ ಮನೆಯ ಪುಸ್ತಕ ಕೊಡುವ ಪದ್ಧತಿಯೂ ಬಂತು.

ಆದರೆ ಇದರಿಂದ ಪಟ್ಟಣದ ಲೈಬ್ರರಿಯೇ ಬೇರೆ, ಹಳ್ಳಿಯದೇ ಬೇರೆ ಎಂಬಂತಾಯಿತು. ಎರಡಕ್ಕೂ ಬೇರೆ ಬೇರೆ ಇಲಾಖೆ. ಪುಸ್ತಕ ಬೇಕೆಂದರೆ ಯಾರನ್ನು ಕೇಳಬೇಕು ಎಂಬುದು ಇಲ್ಲೇ ಗೊಂದಲವಾಗೋದು.

ಯಾರನ್ನು ಕೇಳಬೇಕು?

• ಪಟ್ಟಣದ ಶಾಖೆಯಾದರೆ: ಅಲ್ಲಿನ ಗ್ರಂಥಪಾಲಕರಿಗೆ ಬರಹದಲ್ಲಿ ಬೇಡಿಕೆ ಕೊಡಿ. ಆಗದಿದ್ದರೆ ಜಿಲ್ಲಾ ಕೇಂದ್ರ ಗ್ರಂಥಾಲಯದ ಅಧಿಕಾರಿಗೆ ಪತ್ರ ಹಾಕಿ.
• ಅರಿವು ಕೇಂದ್ರವಾದರೆ: ಮೇಲ್ವಿಚಾರಕರಿಗೆ, ನಂತರ ಪಿಡಿಒಗೆ. ಗ್ರಾಮಸಭೆಯಲ್ಲೂ ವಿಷಯ ಎತ್ತಬಹುದು.
• ಹತ್ತಿರದಲ್ಲಿ ಪುಸ್ತಕ ಸಿಗದಿದ್ದರೆ: ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯದಲ್ಲಿ ಮೊಬೈಲ್‌ನಿಂದಲೇ ಉಚಿತವಾಗಿ ನೋಂದಾಯಿಸಿಕೊಂಡು ಓದಬಹುದು.
• ಲೈಬ್ರರಿಯಲ್ಲೇ ಕೂತು ಪೇಪರ್, ಪುಸ್ತಕ ಓದಲು ದುಡ್ಡು ಕೊಡಬೇಕಿಲ್ಲ.

ಕರ ಮುಟ್ಟದಿದ್ದರೆ?

ಪಟ್ಟಣದಲ್ಲಿ ಕರ ವಸೂಲಿ ಮಾಡುವುದು ಪುರಸಭೆ ಅಥವಾ ಪಟ್ಟಣ ಪಂಚಾಯಿತಿ. ಖರ್ಚು ಮಾಡುವುದು ಗ್ರಂಥಾಲಯ ಪ್ರಾಧಿಕಾರ. ಮಧ್ಯದಲ್ಲಿ ಹಣ ಬಾಕಿ ಉಳಿದರೆ ಮೊದಲು ನಿಲ್ಲುವುದು ಹೊಸ ಪುಸ್ತಕ, ಆಮೇಲೆ ಪತ್ರಿಕೆ. ಸ್ಥಳೀಯ ಸಂಸ್ಥೆಗಳು ಈ ಕರ ಬಾಕಿ ಉಳಿಸಿಕೊಳ್ಳುವುದು ರಾಜ್ಯದಲ್ಲಿ ಹಳೆಯ ತಕರಾರು. ಗ್ರಾಮ ಪಂಚಾಯಿತಿ ತೆರಿಗೆಯಲ್ಲೂ ಗ್ರಂಥಾಲಯ ಕರ ಸೇರಿರುತ್ತದೆ.

ಕಳೆದ ವರ್ಷ ಎಷ್ಟು ವಸೂಲಿಯಾಯಿತು, ಎಷ್ಟು ಪಾವತಿಯಾಯಿತು ಎಂದು ಕೇಳುವ ಹಕ್ಕು ಕರ ಕಟ್ಟಿದ ಎಲ್ಲರಿಗೂ ಇದೆ. ಮಾಹಿತಿ ಹಕ್ಕು ಅರ್ಜಿಗೆ ಹತ್ತು ರೂಪಾಯಿ ಸಾಕು. ವರ್ತಕರ ಸಂಘದವರು ಸೇರಿ ಕೇಳಿದರೆ ಮಾತಿಗೆ ತೂಕ ಇನ್ನೂ ಹೆಚ್ಚು. ಪಿಯುಸಿ ಮುಗಿಸಿ ಕೆಪಿಎಸ್‌ಸಿ ಪರೀಕ್ಷೆಗೆ ಓದೋ ಹುಡುಗ ಹುಡುಗಿಯರಲ್ಲಿ ಕೋಚಿಂಗ್‌ಗೆ ಬೆಂಗಳೂರು, ಧಾರವಾಡಕ್ಕೆ ಹೋಗಲಾಗದವರೇ ಜಾಸ್ತಿ. ಅವರಿಗೆ ಊರಿನ ಲೈಬ್ರರಿಯ ಕುರ್ಚಿಯೇ ಕೋಚಿಂಗ್ ಸೆಂಟರ್.