ಜಪ್ತಿಗೆ ಬಂದ ಚರ್ಚು, ಬಾಡಿಗೆ ಕೇಳದ ಸಾಹುಕಾರ

ಊರಿಂದ ನೆಂಟರು ಬಂದರೆ ನಾವು ಕಲ್ಕತ್ತೆಯವರು ಮಾಡೋದು ಒಂದೇ. ಎಸ್ಪ್ಲನೇಡ್ ಮೆಟ್ರೋದಲ್ಲಿ ಇಳಿಸಿ ನ್ಯೂ ಮಾರ್ಕೆಟ್ ತೋರಿಸಿ, ಮೈದಾನ ದಾಟಿಸಿ, ವಿಕ್ಟೋರಿಯಾ ಮುಂದೆ ಫೋಟೋ ಹೊಡೆಸೋದು. ಉತ್ತರಕ್ಕೆ, ಡಾಲ್‌ಹೌಸಿ ಕಡೆಗೆ, ಯಾರೂ ಹೆಜ್ಜೆ ಹಾಕೋದಿಲ್ಲ. ಹಾಕಿದರೆ ಹತ್ತು ಹದಿನೈದು ನಿಮಿಷದಲ್ಲಿ ಆರ್. ಎನ್. ಮುಖರ್ಜಿ ರೋಡ್ ಸಿಗುತ್ತೆ. ಹಳೇ ಹೆಸರು ಮಿಷನ್ ರೋ. ಅಲ್ಲಿರುವ ಓಲ್ಡ್ ಮಿಷನ್ ಚರ್ಚಿನಿಂದಲೇ ಬೀದಿಗೆ ಆ ಹೆಸರು ಬಂದದ್ದು. ಬಂಗಾಳಿಗಳು ಅದನ್ನು ಲಾಲ್ ಗಿರ್ಜಾ ಅಂತಲೂ ಕರೀತಿದ್ದರು. ಮೈಕೆಲ್ ಮಧುಸೂದನ ದತ್ತರು 1843ರ ಫೆಬ್ರವರಿ 9ರಂದು ಕ್ರೈಸ್ತರಾದದ್ದು ಇಲ್ಲೇ. ಬ್ಯಾಂಕಿನವನಾದ ನನಗೆ ಮಾತ್ರ ಈ ಚರ್ಚಿನ ಬೇರೆ ಒಂದು ಸಂಗತಿ ಮುಖ್ಯ. 1787ರಲ್ಲಿ ಸಾಲಕ್ಕಾಗಿ ಈ ಚರ್ಚು ಜಪ್ತಿಯಾಗಿತ್ತು!

ಕಟ್ಟಿಸಿದವರು ಯೋಹಾನ್ ಜಖರಿಯಾಸ್ ಕೀರ್ನಾಂಡರ್. ಸ್ವೀಡನ್ ದೇಶದವರು, 1711ರಲ್ಲಿ ಹುಟ್ಟಿದವರು. 1740ರಲ್ಲಿ ತಮಿಳುನಾಡಿನ ಕಡಲೂರಿಗೆ ಪಾದ್ರಿಯಾಗಿ ಬಂದರು. 1758ರಲ್ಲಿ ಫ್ರೆಂಚರು ಕಡಲೂರು ಹಿಡಿದಾಗ ಅಲ್ಲಿಂದ ಹೊರಬಿದ್ದು, ಕ್ಲೈವನ ಕಾಲದ ಕಲ್ಕತ್ತೆಗೆ ಬಂದು ಅದೇ ವರ್ಷ ಶಾಲೆ ತೆರೆದರು. ಮೊದಲ ಹೆಂಡತಿ ತೀರಿಕೊಂಡ ಮೇಲೆ 1762ರಲ್ಲಿ ಒಬ್ಬ ಸಿರಿವಂತ ವಿಧವೆಯನ್ನು ಮದುವೆಯಾದರು. ಕೈಯಲ್ಲಿ ದುಡ್ಡು ಬಂತು, ಚರ್ಚು ಎದ್ದಿತು. 1770ರ ಡಿಸೆಂಬರಿನಲ್ಲಿ ಪ್ರತಿಷ್ಠೆಯಾಯಿತು. ಖರ್ಚು ಅರವತ್ತೇಳು ಸಾವಿರ ರೂಪಾಯಿಗೂ ಮೇಲೆ, ಊರವರಿಂದ ಬಂದ ಚಂದಾ ಎರಡು ಸಾವಿರವೂ ಇಲ್ಲ. ಬಾಕಿಯೆಲ್ಲ ಸ್ವಂತ ಕಿಸೆಯಿಂದ. ಎರಡನೇ ಹೆಂಡತಿ 1773ರಲ್ಲಿ ಸಾಯುವಾಗ ತನ್ನ ಒಡವೆಗಳನ್ನೂ ಶಾಲೆಯ ಕಟ್ಟಡಕ್ಕೇ ಬರೆದಿಟ್ಟು ಹೋದಳು.

ಆಮೇಲಿನದು ನಮ್ಮ ಬ್ರಾಂಚುಗಳಲ್ಲಿ ದಿನಾ ನೋಡುವ ಕಥೆಯೇ. ಮಗ ರಾಬರ್ಟ್ ಕಟ್ಟಡಗಳ ವ್ಯವಹಾರಕ್ಕೆ ಇಳಿದ. ತಂದೆಯ ಹೆಸರೂ ಮಗನ ಸಾಲಕ್ಕೆ ಅಂಟಿಕೊಂಡಿತು. ತಂದೆಗೆ ವಯಸ್ಸು ಎಪ್ಪತ್ತು ದಾಟಿತ್ತು, ಕಣ್ಣಿಗೆ ಪೊರೆ ಬಂದು ನಡುವೆ ಕೆಲಕಾಲ ಏನೂ ಕಾಣುತ್ತಿರಲಿಲ್ಲ. ಬೈಬಲ್ಲಿನ ಜ್ಞಾನೋಕ್ತಿಗಳಲ್ಲಿ ಇನ್ನೊಬ್ಬರ ಸಾಲಕ್ಕೆ ಹೊಣೆ ನಿಲ್ಲಬೇಡ ಅನ್ನುವ ಎಚ್ಚರಿಕೆ ಒಂದಲ್ಲ, ಮೂರು ನಾಲ್ಕು ಕಡೆ ಬರುತ್ತೆ. ಪಾದ್ರಿ ಓದಿರಲೇಬೇಕು. ಆದರೆ ಕೇಳುವವನು ಮಗ ಆದಾಗ ಯಾವ ಅಪ್ಪನಿಗೆ ಆ ವಚನ ನೆನಪಾಗುತ್ತೆ ಹೇಳಿ? ಜಾಮೀನು ಪತ್ರವನ್ನು ಓದದೇ ರುಜು ಹಾಕಿದ ಎಷ್ಟೋ ಅಪ್ಪಂದಿರು ನನ್ನ ಟೇಬಲ್ಲಿನ ಮುಂದೆಯೇ ಕೂತಿದ್ದಾರೆ.

1787ರಲ್ಲಿ ಎಲ್ಲ ಮುರಿದುಬಿತ್ತು. ಸಾಲಗಾರರ ಪರವಾಗಿ ಶೆರೀಫರು ಆಸ್ತಿಗೆ ಕೈಹಾಕಿದರು. ಚರ್ಚು ಪಾದ್ರಿಯ ಸ್ವಂತ ಹಣದಿಂದ ಎದ್ದದ್ದು, ಹಾಗಾಗಿ ಕಾನೂನಿನ ಕಣ್ಣಿಗೆ ಅದೂ ಆಸ್ತಿಯೇ. ಕಟ್ಟಡಕ್ಕೆ ಕಟ್ಟಿದ ಬೆಲೆ ಹತ್ತು ಸಾವಿರ ರೂಪಾಯಿ.

ಆ ಹತ್ತು ಸಾವಿರ ಕೊಟ್ಟು ಬಿಡಿಸಿದವರು ಚಾರ್ಲ್ಸ್ ಗ್ರಾಂಟ್, ಕಂಪನಿಯ ವ್ಯಾಪಾರದ ದೊಡ್ಡ ಅಧಿಕಾರಿ. ಇವರಿಗೂ ಕೀರ್ನಾಂಡರಿಗೂ ಹಳೇ ಲೆಕ್ಕ ಒಂದಿತ್ತು. ಯೌವನದಲ್ಲಿ ಗ್ರಾಂಟ್ ಜೂಜಾಡಿ ಮೈತುಂಬ ಸಾಲ ಮಾಡಿಕೊಂಡಿದ್ದರು. 1776ರಲ್ಲಿ ಅವರ ಇಬ್ಬರು ಪುಟ್ಟ ಹೆಣ್ಣುಮಕ್ಕಳು ಕೆಲವೇ ದಿನಗಳ ಅಂತರದಲ್ಲಿ ಸಿಡುಬಿನಿಂದ ಸತ್ತರು. ಎದೆ ಒಡೆದುಹೋದ ಆ ದಿನಗಳಲ್ಲಿ ಗ್ರಾಂಟ್ ಸಮಾಧಾನ ಹುಡುಕಿಕೊಂಡು ಹೋದದ್ದು ಇದೇ ಪಾದ್ರಿಯ ಬಳಿಗೆ. ನಾನು ಉದ್ಧಾರವಾಗೋದು ಹೇಗೆ ಅಂತ ಕೇಳಿದರು. ಮುದುಕರು ತಬ್ಬಿಬ್ಬಾದರು, ಮುಖದಿಂದ ಬೆವರಿಳಿಯಿತು, ಬಾಯಿಂದ ಉತ್ತರ ಹೊರಡಲಿಲ್ಲ. ಒಂದಿಷ್ಟು ಒಳ್ಳೇ ಪುಸ್ತಕ ಕೊಟ್ಟು ಕಳಿಸಿದರು. ಇದನ್ನು ಮುಂದೆ ಗ್ರಾಂಟರೇ ಹೇಳಿಕೊಂಡಿದ್ದಾರೆ.

ಚರಿತ್ರೆ ಬರೆದವರು ಇದನ್ನು ಕೀರ್ನಾಂಡರ ಕೊರತೆ ಅಂತ ಎಣಿಸುತ್ತಾರೆ. ನನಗೆ ಹಾಗನಿಸೋದಿಲ್ಲ. ಬಾಯಿಪಾಠದ ನಾಲ್ಕು ಮಾತು ಹೇಳಿ ಕಳಿಸೋದು ಪಾದ್ರಿಗೆ ಕಷ್ಟವೇನಾಗಿತ್ತು? ಎದುರಿಗೆ ಕೂತವನ ನೋವು ಅವರಿಗೆ ತಟ್ಟಿತ್ತು, ಅದಕ್ಕೇ ಬೆವರಿದರು. ಗ್ರಾಂಟ್ ಕೂಡ ಅವತ್ತು ಬರಿಗೈಲಿ ಎದ್ದುಬಂದದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಲಿಲ್ಲ. ಹತ್ತು ಹನ್ನೊಂದು ವರ್ಷದ ಮೇಲೆ ಪಾದ್ರಿಯ ಬಾಗಿಲಿಗೆ ಶೆರೀಫ ಬಂದಾಗ ಅವರು ಉಪದೇಶ ಮಾಡಲಿಲ್ಲ, ದುಡ್ಡು ಕಟ್ಟಿದರು. ಅಷ್ಟೇ ಅಲ್ಲ, ಚರ್ಚನ್ನು ತಮ್ಮೊಬ್ಬರ ಹೆಸರಿಗೆ ಮಾಡಿಕೊಳ್ಳದೆ ತಾವು, ಪಾದ್ರಿ ಡೇವಿಡ್ ಬ್ರೌನ್, ವಿಲಿಯಂ ಚೇಂಬರ್ಸ್, ಹೀಗೆ ಮೂವರು ಟ್ರಸ್ಟಿಗಳ ಕೈಗೆ ಇಟ್ಟರು. ಇನ್ನು ಮುಂದೆ ಯಾರ ಮಗ ಸಾಲ ಮಾಡಿದರೂ ಚರ್ಚು ಜಪ್ತಿಯಾಗುವ ಹಾಗಿಲ್ಲ. ಬ್ಯಾಂಕಿನವನಾಗಿ ನಾನು ಹೆಚ್ಚು ಮೆಚ್ಚೋದು ಈ ಎರಡನೇ ಕೆಲಸವನ್ನೇ.

ಕೆಲವು ವರ್ಷದ ಹಿಂದೆ ಮನೆ ಸಾಲದ ನೋಟೀಸು ಹಿಡಿದು ಒಬ್ಬ ಹಿರಿಯ ಕ್ರೈಸ್ತರು ನನ್ನ ಹತ್ತಿರ ಬಂದಿದ್ದರು. "ದೇವರು ದಾರಿ ತೋರಿಸ್ತಾನೆ ಅಂತ ಎಲ್ಲರೂ ಹೇಳ್ತಾರೆ ಸಾರ್, ನೋಟೀಸು ಓದಿ ಹೇಳುವವರು ಮಾತ್ರ ಒಬ್ಬರೂ ಇಲ್ಲ" ಅಂದರು. ಓದಿ ಹೇಳಿದೆ. ಇದನ್ನು ಓದುವವರಲ್ಲಿ ಯಾರಿಗಾದರೂ ಬೇಕಾದೀತು ಅಂತ ಇಲ್ಲೂ ಬರೀತೀನಿ. 2002ರ ಸರ್ಫೇಸಿ ಕಾಯ್ದೆಯಲ್ಲಿ ಮೊದಲ ನೋಟೀಸಿಗೆ 60 ದಿನದ ಗಡುವಿದೆ. ಬರವಣಿಗೆಯಲ್ಲಿ ತಕರಾರು ಕೊಟ್ಟರೆ ಬ್ಯಾಂಕು 15 ದಿನದೊಳಗೆ ಉತ್ತರ ಕೊಡಬೇಕು. ಸ್ವಾಧೀನಕ್ಕೆ ಕ್ರಮ ಶುರುವಾದರೆ 45 ದಿನದೊಳಗೆ ಸಾಲ ವಸೂಲಿ ನ್ಯಾಯಮಂಡಳಿಗೆ ಹೋಗಬಹುದು. ನೋಟೀಸನ್ನು ಬೀರುವಿನಲ್ಲಿ ಬಚ್ಚಿಟ್ಟು ಬರೀ ಪ್ರಾರ್ಥನೆ ಮಾಡುತ್ತ ಕೂತರೆ ಈ ದಿನಗಳು ಸುಮ್ಮನೆ ಕಳೆದುಹೋಗುತ್ತವೆ. ಪ್ರಾರ್ಥನೆ ಬೇಡ ಅನ್ನುತ್ತಿಲ್ಲ, ಅದನ್ನು ಹೇಳೋಕೆ ನಾನ್ಯಾರು? ಇಲ್ಲದವನಿಗೆ ಬರೀ ಮಾತಿನ ಹಾರೈಕೆ ಸಾಲದು ಅಂತ ಬೈಬಲ್ಲಿನಲ್ಲೇ ಇದೆ. ಯಾಕೋಬನ ಪತ್ರಿಕೆ, ಎರಡನೇ ಅಧ್ಯಾಯ.

ಇರಲಿ, ಕೀರ್ನಾಂಡರ ವಿಷಯಕ್ಕೆ ಬರ್ತೀನಿ. ಚರ್ಚು ಉಳಿಯಿತು, ಅವರು ಉಳಿಯಲಿಲ್ಲ. ಹೂಗ್ಲಿ ದಂಡೆಯಲ್ಲಿ ಡಚ್ಚರ ಊರಾಗಿದ್ದ ಚಿನ್ಸುರಾಕ್ಕೆ ಹೋಗಿ ಸಣ್ಣ ಸಂಬಳದ ಪಾದ್ರಿಯಾದರು. ಅದರ ಪಕ್ಕದ ಬಂಡೇಲ್‌ನಲ್ಲಿ 1793ರ ಕೊನೆಗೆ ಅವರನ್ನು ಕಂಡವರು ಯಾರು ಗೊತ್ತೇ? ಆಗ ತಾನೇ ಹಡಗಿನಿಂದ ಇಳಿದಿದ್ದ ವಿಲಿಯಂ ಕೇರಿ! ಬೂಟು ಹೊಲಿಯುತ್ತಿದ್ದವರು, ಆಮೇಲೆ ಪಾದ್ರಿಯಾದವರು. ಕಂಪನಿಯ ಪರವಾನಗಿ ಇಲ್ಲದೆ ನವೆಂಬರಿನಲ್ಲಿ ಕಲ್ಕತ್ತೆಗೆ ಬಂದಿದ್ದರು. ಜೊತೆಗೆ ಹೆಂಡತಿ, ನಾದಿನಿ, ನಾಲ್ಕು ಗಂಡುಮಕ್ಕಳು, ಅದರಲ್ಲಿ ಒಂದು ಕೈಗೂಸು. ತಂದ ಹಣ ಜೊತೆಗಾರ ಜಾನ್ ಥಾಮಸರ ಕೈಯಲ್ಲಿ ಕರಗಿತು. ಥಾಮಸರಿಗೆ ಈ ಊರಿನಲ್ಲಿ ಹಳೇ ಸಾಲಗಳೂ ಇದ್ದವು.

ಮೂರು ತಿಂಗಳೊಳಗೆ ಆ ಕುಟುಂಬ ಕಲ್ಕತ್ತೆ, ಬಂಡೇಲ್, ಮತ್ತೆ ಕಲ್ಕತ್ತೆ ಅಂತ ಅಲೆಯಿತು. ಹೆಂಡತಿ ಮಕ್ಕಳಿಗೆ ಆಮಶಂಕೆ ಬೇರೆ. 1794ರ ಜನವರಿಯ ಕೇರಿಯವರ ದಿನಚರಿಯಲ್ಲಿ ಒಂದು ದಿನ ಕುಗ್ಗಿಹೋಗಿದ್ದಾರೆ, ಮಾರನೇ ದಿನ ದೇವರ ಮಾತು ಹಿಡಿದು ಎದ್ದು ಕೂತಿದ್ದಾರೆ, ಅದರ ಮಾರನೇ ದಿನ ಮತ್ತೆ ಕುಗ್ಗಿದ್ದಾರೆ. ತಲೆ ಮೇಲೆ ಸೂರು ಕೊಟ್ಟವನು ಪಾದ್ರಿಯಲ್ಲ, ಗೋರನೂ ಅಲ್ಲ. ನೀಲು ದತ್ತ ಅನ್ನುವ ಬಂಗಾಳಿ ಸಾಹುಕಾರ, ಬಡ್ಡಿ ವ್ಯಾಪಾರಿ! ಮಾಣಿಕ್‌ತಲಾದ ತನ್ನ ತೋಟದಲ್ಲಿದ್ದ ಸಣ್ಣ ಮನೆಯನ್ನು ಬಾಡಿಗೆ ಇಲ್ಲದೆ ಬಿಟ್ಟುಕೊಟ್ಟ. ಫೆಬ್ರವರಿಯಲ್ಲಿ ದೋಣಿ ಹತ್ತಿ ಸುಂದರಬನಕ್ಕೆ ಹೋದಾಗ, ಪರಿಚಯವೇ ಇಲ್ಲದ ಚಾರ್ಲ್ಸ್ ಶಾರ್ಟ್ ಅನ್ನುವ ಉಪ್ಪಿನ ಅಧಿಕಾರಿ ಇಡೀ ಕುಟುಂಬವನ್ನು ಮನೆಗೆ ಸೇರಿಸಿಕೊಂಡ. ಅದೇ ವರ್ಷ ಮುದ್ನಾಬಾಟಿಯ ನೀಲಿ ಕಾರ್ಖಾನೆಯಲ್ಲಿ ಕೇರಿಗೆ ತಿಂಗಳಿಗೆ ಇನ್ನೂರು ರೂಪಾಯಿಯ ಕೆಲಸ ಸಿಕ್ಕಿತು. 1800ರಲ್ಲಿ ಶ್ರೀರಾಮಪುರ, ಅಲ್ಲಿ ಅಚ್ಚುಕೂಟ. ನಮ್ಮ ಕನ್ನಡದ ವ್ಯಾಕರಣವನ್ನು 1817ರಲ್ಲಿ ಅಚ್ಚು ಹಾಕಿಸಿದವರು ಇದೇ ಕೇರಿ. ಕನ್ನಡ ಲಿಪಿ ಅಚ್ಚಾದ ತೀರ ಹಳೇ ಪುಸ್ತಕಗಳಲ್ಲಿ ಅದೂ ಒಂದು, ಅದೂ ಬಂಗಾಳದಲ್ಲಿ! ಇಪ್ಪತ್ತು ವರ್ಷದ ಮೇಲೆ ನೀಲು ದತ್ತನೇ ದಿವಾಳಿಯಾಗಿ ಕಷ್ಟದಲ್ಲಿದ್ದಾಗ ಕೇರಿ ಅವನಿಗೆ ಜೀವನಕ್ಕೆ ಆಗುವಂಥ ಕೆಲಸ ಕೊಡಿಸಿದರು.

ಕೀರ್ನಾಂಡರಿಗೆ ಅಂಥ ಎರಡನೇ ಅಂಕ ಇರಲಿಲ್ಲ. 1795ರಲ್ಲಿ ಇಂಗ್ಲಿಷರು ಚಿನ್ಸುರಾ ಹಿಡಿದಾಗ ಈ ಮುದುಕರೂ ಯುದ್ಧ ಕೈದಿಗಳ ಲೆಕ್ಕಕ್ಕೆ ಬಂದರು. ಆಮೇಲೆ ಕಲ್ಕತ್ತೆಗೆ ಮರಳಿ 1799ರಲ್ಲಿ ಇಲ್ಲೇ ತೀರಿಕೊಂಡರು.

ಮಧುಸೂದನರೂ ಸಾಲಕ್ಕೆ ಸಿಕ್ಕವರೇ. ಬ್ಯಾರಿಸ್ಟರ್ ಓದಿಗೆ ಅಂತ ವಿಲಾಯತಿಗೆ ಹೋದವರು ಊರಿನಿಂದ ಬರಬೇಕಾದ ಹಣ ನಿಂತು, 1864ರಲ್ಲಿ ಫ್ರಾನ್ಸಿನ ವರ್ಸೇಲ್ಸ್‌ನಲ್ಲಿ ಹೆಂಡತಿ ಮಕ್ಕಳೊಡನೆ ಜೈಲಿನ ಬಾಗಿಲ ತನಕ ಬಂದಿದ್ದರು. ಆಗ ಕಾಗದ ಬರೆದದ್ದು ತಮಗೆ ದೀಕ್ಷೆ ಕೊಟ್ಟ ಚರ್ಚಿನವರಿಗಲ್ಲ, ಈಶ್ವರಚಂದ್ರ ವಿದ್ಯಾಸಾಗರರಿಗೆ. ಜನಿವಾರದ ಆ ಪಂಡಿತರು ತಮ್ಮ ಕೈಯಲ್ಲಿ ಇಲ್ಲದಾಗ ಬೇರೆಯವರ ಹತ್ತಿರ ಸಾಲ ಮಾಡಿ ಫ್ರಾನ್ಸಿಗೆ ಹಣ ಕಳಿಸಿದರು. ಕವಿ 1867ರಲ್ಲಿ ಕಲ್ಕತ್ತೆಗೆ ಮರಳಿ ಹೈಕೋರ್ಟಿನಲ್ಲಿ ವಕೀಲಿ ಮಾಡಿದರು, ಚೆನ್ನಾಗಿಯೇ ಸಂಪಾದಿಸಿದರು, ಅದಕ್ಕಿಂತ ಚೆನ್ನಾಗಿ ಖರ್ಚು ಮಾಡಿದರು. ಎರಡನೇ ಸಲ ಮುಳುಗಿದಾಗ ವಿದ್ಯಾಸಾಗರರ ಕೈಯಲ್ಲೂ ಆಗಲಿಲ್ಲ. 1873ರ ಜೂನ್ 29ರಂದು ಅಲೀಪುರದ ಆಸ್ಪತ್ರೆಯಲ್ಲಿ ತೀರಿಕೊಂಡರು. ಸಮಾಧಿ ಲೋಯರ್ ಸರ್ಕ್ಯುಲರ್ ರೋಡಿನ ಸ್ಮಶಾನದಲ್ಲಿದೆ.