ದೇಶ ಕಳಕೊಂಡ ನೌಕಾಪಡೆ

ಟ್ಯುನೀಷಿಯಾದ ಉತ್ತರ ತುದಿಯಲ್ಲಿ ಬಿಜೆರ್ಟ್ ಅಂತ ಒಂದು ಬಂದರು ಊರಿದೆ. ಅಲ್ಲಿನ ಕ್ರೈಸ್ತರ ಸ್ಮಶಾನದಲ್ಲಿ ರಷ್ಯದ ನೌಕಾಧಿಕಾರಿಗಳ ಸಮಾಧಿಗಳಿವೆ. ಆಫ್ರಿಕಾದಲ್ಲಿ ಅವರಿಗೇನು ಕೆಲಸ ಅಂತೀರಾ? ಕೇಳಿ.

1920ರ ನವೆಂಬರಿನಲ್ಲಿ ಬೋಲ್ಶೆವಿಕರೆದುರು ಸೋತ ಬಿಳಿ ಸೇನೆ ಕ್ರಿಮಿಯಾ ಬಿಟ್ಟಿತು. ಕಪ್ಪು ಸಮುದ್ರದ ನೌಕಾಪಡೆಯ ಮೂವತ್ತಕ್ಕೂ ಹೆಚ್ಚು ಹಡಗುಗಳು ಹೆಂಡತಿ ಮಕ್ಕಳ ಸಮೇತ ಸಾವಿರಾರು ಜನರನ್ನು ಹೊತ್ತು, ಆಗ ಫ್ರೆಂಚರ ಕೈಯಲ್ಲಿದ್ದ ಬಿಜೆರ್ಟ್ ಸೇರಿದವು. 1924ರ ಅಕ್ಟೋಬರಿನಲ್ಲಿ ಫ್ರಾನ್ಸ್ ಸೋವಿಯತ್ ಸರ್ಕಾರವನ್ನು ಮಾನ್ಯ ಮಾಡುತ್ತಲೇ ಹಡಗುಗಳ ಬಾವುಟ ಇಳಿಯಿತು. ಅಧಿಕಾರಿಗಳು ಹೊಟ್ಟೆಪಾಡಿಗೆ ಸಿಕ್ಕ ಕೆಲಸ ಹಿಡಿದರು. ಪಡೆಯ ಕೊನೆಯ ದಂಡನಾಯಕ ಮಿಖಾಯಿಲ್ ಬೆರೆನ್ಸ್ 1943ರಲ್ಲಿ ಟ್ಯುನೀಷಿಯಾದಲ್ಲೇ ತೀರಿಕೊಂಡರು. 2001ರಲ್ಲಿ ಅವರ ಅವಶೇಷಗಳನ್ನು ಟ್ಯುನಿಸ್‌ನ ಬೋರ್ಜೆಲ್ ಸ್ಮಶಾನಕ್ಕೆ ತಂದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಅನಸ್ತಾಸಿಯಾ ಶಿರಿನ್ಸ್ಕಯಾ ಎಂಬ ಗಣಿತದ ಟೀಚರ್. ನೌಕಾಧಿಕಾರಿಯೊಬ್ಬರ ಮಗಳು, ಎಂಟು ವರ್ಷದ ಹುಡುಗಿಯಾಗಿ ಬಂದು, ಬಂದರಿನಲ್ಲಿ ನಿಂತ ಹಳೇ ಯುದ್ಧನೌಕೆಯಲ್ಲೇ ಬೆಳೆದವರು. ಉಳಿದವರು ಒಬ್ಬೊಬ್ಬರಾಗಿ ಫ್ರಾನ್ಸಿಗೋ ಮತ್ತೆಲ್ಲಿಗೋ ಹೊರಟರೂ ಈಕೆ ಅಲ್ಲೇ ಉಳಿದು ಆ ಸಮಾಧಿಗಳನ್ನು ನೋಡಿಕೊಂಡರು. ಬೇರೆ ದೇಶದ ಪೌರತ್ವ ತಗೊಳ್ಳಲೇ ಇಲ್ಲ. ರಷ್ಯದ ಪಾಸ್‌ಪೋರ್ಟ್ ಸಿಕ್ಕಿದ್ದು 1997ರಲ್ಲಿ, ಎಂಬತ್ತೈದರ ಹೊತ್ತಿಗೆ! 2009ರಲ್ಲಿ ಬಿಜೆರ್ಟ್‌ನ ಮಣ್ಣನ್ನೇ ಸೇರಿದರು.

ನಮ್ಮಂಥ ಹೊರನಾಡಿನವರಿಗೆ ಊರಿಗೆ ಹೋಗೋ ಟಿಕೆಟ್ಟಿನ ಚಿಂತೆ; ಅವರಿಗೆ ಹೋಗಲು ಊರೇ ಉಳಿದಿರಲಿಲ್ಲ. ಯಾವ ಸರ್ಕಾರವೂ ನಮ್ಮವರು ಅನ್ನದಿದ್ದ ಅಷ್ಟೂ ವರ್ಷ ಆ ಅಧಿಕಾರಿಗಳ ಹೆಸರು ಉಳಿಸಿದ್ದು ಒಬ್ಬ ಮೇಷ್ಟರಮ್ಮ, ಅಷ್ಟೆ.